ಡಬ್ಬಿ ಹೇಳಿತು

ಹೆಂಡತಿಯ ತಮ್ಮ ತಾರಾನಾಥ ಕಾರು ತೆಗೆದ,
ಗುಂಡಿ ಒತ್ತಿದರೆ ಸ್ಟೇರಿಂಗ್ ತಾನೇ ತಿರುಗುವಂಥದ್ದು.
ಗುಂಡಿಯ ಹೆಸರು ಫುಲ್ ಪೈಲಟ್.
"ಇನ್ನು ನಾನು ಬರೇ ಪ್ಯಾಸೆಂಜರ್, ಭಾವ"
ಎಂದು ಕಾಪು ದಾಟುವಾಗ ಎರಡೂ ಕೈ ಬಿಟ್ಟು
ಕಾಗದ ಬಿಚ್ಚಿ ಗೋಳಿಬಜೆ ತಿನ್ನತೊಡಗಿದ.
ಚಟ್ನಿ ಹಿಡಿದುಕೊಳ್ಳುವ ಕೆಲಸ ನನ್ನದು.

ಪೈಲಟ್ ಎಂದರೆ ನಮ್ಮಲ್ಲಿ ತಾಂಡೇಲ.
ಮಲ್ಪೆಯ ಧಕ್ಕೆಯಲ್ಲಿ ಆ ಹೆಸರು
ಯಾರಿಗೂ ಪೇಂಟಿನಲ್ಲಿ ಬರೆದು ಕೊಡುವುದಿಲ್ಲ.
ನನಗೆ ಸಿಕ್ಕಿದ್ದು ಹದಿನಾಲ್ಕು ವರ್ಷಕ್ಕೆ,
ಬಲೆ ಫ್ಯಾನಿಗೆ ಸುತ್ತಿ
ಬೋಟು ಕಲ್ಲಿನತ್ತ ಸರಿದ ರಾತ್ರಿಯ ಮರುದಿನ,
ಚಾ ಕೊಡುವ ಹೆಂಗಸು
"ತಾಂಡೇಲರಿಗೆ ಸಕ್ಕರೆ ಕಡಿಮೆಯಾ?" ಎಂದಾಗ.

ಬೋಟಿನಲ್ಲಿ ನನಗೂ ಯಂತ್ರಗಳಿವೆ.
ದಾರಿ ತೋರಿಸುವುದೊಂದು, ಮೀನು ತೋರಿಸುವುದೊಂದು,
ಎರಡಕ್ಕೂ ನಾವಿಟ್ಟ ಹೆಸರು ಡಬ್ಬಿ.
ಡಬ್ಬಿ ಹೇಳಿತು ಎನ್ನುತ್ತೇವೆ,
ಡಬ್ಬಿ ಹಿಡಿಯಿತು ಎನ್ನುವುದಿಲ್ಲ.
ಅಂಕೋಲೆಯ ಗಣಪು ಮೂರು ವರ್ಷದಿಂದ
ನಡುರಾತ್ರಿ ಚಕ್ರ ಹಿಡಿಯುತ್ತಾನೆ, ನಾನು ಕಣ್ಣು ಮುಚ್ಚುವಾಗ.
ವಯರ್‌ಲೆಸ್ಸಿನಲ್ಲಿ ಯಾರೆಂದು ಕೇಳಿದರೆ
"ತಾಂಡೇಲರು ಮಲಗಿದ್ದಾರೆ, ನಾನು ಹಿಡಿದುಕೊಂಡಿದ್ದೇನೆ ಅಷ್ಟೆ."
ಹತ್ತೊಂಬತ್ತರ ಹುಡುಗನಿಗೆ ಗೊತ್ತಿರುವ ಆ "ಅಷ್ಟೆ"
ಕಾರು ಮಾಡಿದವರಿಗೆ ಗೊತ್ತಿರಲಿಲ್ಲವೆ?
ಗೊತ್ತಿತ್ತು. ಪುಸ್ತಕದ ಇನ್ನೂರ ಹದಿನಾಲ್ಕನೇ ಪುಟದಲ್ಲಿ
ಇರುವೆ ಸಾಲಿನಂಥ ಅಕ್ಷರದಲ್ಲಿ ಬರೆದಿದ್ದಾರೆ:
ಇದು ನೆರವು ಮಾತ್ರ, ಕೈ ಬಿಡಬೇಡಿ.
ಓದಿದವಳು ಅವನ ಮಗಳು, ಆಮೇಲೆ.

ಪಡುಬಿದ್ರೆ ದಾಟಿದ ಮೇಲೆ ರಸ್ತೆ ರಿಪೇರಿ.
ಹೊಸ ಬಿಳಿ ಗೆರೆ ಎಡಕ್ಕೆ ಹೊರಳಿತ್ತು,
ಹಳೆಯದನ್ನು ಅಳಿಸಲು ಮರೆತಿದ್ದರು.
ಕಾರು ಹಳೆಯ ಗೆರೆಗೇ ನಿಷ್ಠೆ ತೋರಿಸಿತು,
ನೇರ, ಮರಳು ತುಂಬಿದ ಡ್ರಮ್ಮುಗಳ ಕಡೆಗೆ.
ತಾರಾನಾಥ ನೋಡುತ್ತಿದ್ದ. ನೋಡುತ್ತಲೇ ಇದ್ದ,
ಪೈಲಟ್ ಏನೋ ಯೋಚಿಸಿರಬೇಕು ಎಂಬ ಮುಖದಲ್ಲಿ.
ಚಟ್ನಿ ಬಿಟ್ಟು ಸ್ಟೇರಿಂಗ್ ಎಳೆದೆ.

ಒಂದು ಡ್ರಮ್ಮು, ಒಂದು ಕನ್ನಡಿ. ಅಷ್ಟಕ್ಕೇ ಮುಗಿಯಿತು.
"ಪೈಲಟ್ ಅಂತಲೇ ಬರೆದಿದೆಯಲ್ಲ ಭಾವ"
ಎನ್ನುತ್ತಿದ್ದ, ಅಂಗಿಯ ಚಟ್ನಿ ಒರೆಸುತ್ತ.
ಬೈಯಲು ನನಗೆ ಬಾಯಿ ಬರಲಿಲ್ಲ.
ಪಾಪ, ಅರ್ಧ ದುಡ್ಡು ಆ ಹೆಸರಿಗೇ ಕೊಟ್ಟಿದ್ದ.

ಆ ವಾರ ಮತ್ತೆ ಕಡಲಿಗೆ.
ಗಣಪುವಿಗೆ ಚಕ್ರ ಕೊಟ್ಟು ಕೆಳಗೆ ಅಡ್ಡಾದೆ.
ಎಂಜಿನ್ನಿನ ದನಿ ಒಂದೆಳೆ ಬದಲಾದರೂ ಸಾಕು,
ನಿದ್ದೆಯಲ್ಲೇ ನನ್ನ ಕಾಲು
ಹಲಗೆ ಹುಡುಕುತ್ತದೆ.