ತಟ್ಟಿ ನೋಡಿದ್ದು

ನಲವತ್ತು ವರ್ಷದ ಸ್ಮರಣ ಸಂಚಿಕೆಗೆ
ಎರಡು ಪುಟ ಬರೆದುಕೊಡಿ ಚಿಕ್ಕತಾಯಮ್ಮ,
ಹಳಬರು ಅಂತ ಉಳಿದವರು ನೀವೊಬ್ಬರೇ
ಎಂದಳು ಆಫೀಸಿನ ಹುಡುಗಿ.
ನನಗೆ ಇಸವಿ ನೆನಪಿರುವುದಿಲ್ಲ, ಮಗಾ.
ವಾಸನೆ ನೆನಪಿರುತ್ತದೆ.

ಮೇಟಗಳ್ಳಿಯ ಶೆಡ್ಡು. ಕಲ್ನಾರಿನ ಶೀಟು.
ರೆಸಿನ್ನಿನ ಘಾಟು ಸೆರಗಿಗೆ ಹತ್ತಿ
ಮನೆಗೆ ಹೋದರೆ ಅನ್ನಕ್ಕೂ ಅದೇ ವಾಸನೆ.
ಧರಣೇಂದ್ರಯ್ಯನವರು ಆಗ ಮಾಡುತ್ತಿದ್ದದ್ದು
ನೀರಿನ ತೊಟ್ಟಿ, ಆಟೋದ ಮೂತಿ,
ದಸರಾ ವಸ್ತುಪ್ರದರ್ಶನಕ್ಕೆ ಒಂದು ಪೊಳ್ಳು ಆನೆ.
ಗಾಜಿನ ನೂಲು ಚರ್ಮಕ್ಕೆ ಹೊಕ್ಕು ರಾತ್ರಿಯೆಲ್ಲ ಕೆರೆತ.
ಮೈಗೆ ಕೊಬ್ಬರಿ ಎಣ್ಣೆ, ಬಾಯಿಗೆ ಬೈಗುಳ.

ನಾನು ಮದ್ದೂರು ಕಡೆಯ ಆಲೆಮನೆಯವಳು.
ಕೊಪ್ಪರಿಗೆಯ ಪಾಕ ಬಂತೋ ಇಲ್ಲವೋ
ಅಪ್ಪ ಬೆರಳ ನಡುವೆ ಎಳೆ ತೆಗೆದು ಹೇಳುತ್ತಿದ್ದ.
ರೆಸಿನ್ನಿಗೆ ಗಟ್ಟಿಯಾಗುವ ಮದ್ದು ಬೆರೆಸಿದ ಮೇಲೆ
ಯಜಮಾನರು ಗಡಿಯಾರ ನೋಡುತ್ತಿದ್ದರು,
ನಾನು ಎಳೆ ನೋಡುತ್ತಿದ್ದೆ.
ಮೂರನೇ ದಿನ ಅವರು ಗಡಿಯಾರ ಬಿಚ್ಚಿ ಜೇಬಿಗಿಟ್ಟರು.

ಆಮೇಲೊಂದು ನಕ್ಷೆ ಬಂತು: ವಿಮಾನದ ಮೂಗು.
ಒಳಗೆ ಕೂರುವ ರಾಡಾರಿಗೆ ಒಂದು ಕುಲಾವಿ.
ಹನ್ನೊಂದು ಪದರ, ಒಂದೊಂದಕ್ಕೆ ಒಂದೊಂದು ಓರೆ.
ಮಾಡಿದೆವು. ನುಣ್ಣಗೆ, ಮುಟ್ಟಿದರೆ ಜಾರುವಂತೆ.
ಮುನೀರ್ ಪಾಷ, ಮಂಡಿ ಮೊಹಲ್ಲಾದಲ್ಲಿ
ಬ್ಯಾಂಡಿನವರ ತುತ್ತೂರಿಗೆ ಬೆಸುಗೆ ಹಾಕುತ್ತಿದ್ದವರು,
ಜೇಬಿನಿಂದ ಒಂದು ರೂಪಾಯಿ ತೆಗೆದು
ಮೇಲಿಂದ ಕೆಳಗೆ ತಟ್ಟುತ್ತ ಬಂದರು.
ಟಣ್. ಟಣ್. ಟಣ್.
ಎಡಕ್ಕೆ, ಅಂಗೈಯಗಲ ಜಾಗದಲ್ಲಿ
ದಬ್.

ಏಳನೇ ಪದರ. ನಾನು ಹಾಸಿದ್ದು.
ಅವತ್ತು ಮಗನಿಗೆ ಜ್ವರ. ಕೈ ಅಚ್ಚಿನ ಮೇಲೆ,
ಜೀವ ದೊಡ್ಡಾಸ್ಪತ್ರೆಯ ಮಂಚದ ಹತ್ತಿರ.
ನಡುವೆ ಎಲ್ಲೋ ಒಂದು ಗಾಳಿಗುಳ್ಳೆ ಉಳಿದುಬಿಟ್ಟಿತ್ತು.
ಬಣ್ಣ ಬಳಿದಿದ್ದರೆ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.
ಆ ತಿಂಗಳ ಸಂಬಳದ ದುಡ್ಡೂ ಅದರೊಳಗೇ ಇತ್ತು.
ಧರಣೇಂದ್ರಯ್ಯ ಬೈಯಲಿಲ್ಲ.
ಒಳಗೆ ಕೂರೋನಿಗೂ ಮಕ್ಕಳಿರ್ತವೆ, ಅಂದರು.
ಗರಗಸ ತರಿಸಿದರು.

ಕೊಯ್ದ ಅರ್ಧ ಈಗಲೂ ಗೇಟಿನ ಹತ್ತಿರ ಇದೆ.
ಮಣ್ಣು ತುಂಬಿ ಮಲ್ಲಿಗೆ ಬಳ್ಳಿ ಹಾಕಿದ್ದೇವೆ.
ಬಂದ ದೊಡ್ಡವರೆಲ್ಲ
ಕುಂಡ ಚೆನ್ನಾಗಿದೆ ಅನ್ನುತ್ತಾರೆ.

ದೊಡ್ಡ ಒಲೆ ಬಂದದ್ದನ್ನೂ ಬರೆಯಬೇಕೇ?
ಆಟೋಕ್ಲೇವ್ ಹೊತ್ತ ಲಾರಿ
ಮಂಡ್ಯದಲ್ಲಿ ಕಬ್ಬಿನ ಗಾಡಿಗಳ ಹಿಂದೆ ಸಿಕ್ಕಿ
ಎರಡು ರಾತ್ರಿ ಕದಲಲಿಲ್ಲ.
ಹಾಲಿನ ಡೈರಿಯದಾ ಅಂತ ಜನ ಕೇಳಿದರೆ
ಹೂಂ ಅಂದನಂತೆ ಡ್ರೈವರ್, ಕಬ್ಬು ಸಿಗಿಯುತ್ತ.
ಅದರ ಹಿಂದೆಯೇ ಕರೀ ಬಟ್ಟೆ ಬಂತು, ಕಾರ್ಬನ್ನು.
ಮಂಜಿನ ಪೆಟ್ಟಿಗೆಯಲ್ಲಿ ನಿದ್ದೆ ಮಾಡುವ ಬಟ್ಟೆ,
ಎಬ್ಬಿಸಿದ ಗಳಿಗೆಯಿಂದ ಅದಕ್ಕೆ ವಯಸ್ಸಾಗುತ್ತದೆ.
ಕರೆಂಟು ಹೋದಾಗ
ಬಾಣಂತಿ ಕೋಣೆ ಕಾಯುವವರಂತೆ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದೇವೆ,
ಯಾರೂ ತೆಗೆಯದ ಹಾಗೆ, ಮೂರು ಮೂರು ತಾಸು.

ಈಗ ಬಿಳೀ ಕೋಣೆ, ಬಿಳೀ ಟೋಪಿ.
ಪರದೆಯ ಮೇಲೆ ಹಸಿರು ಬಂದರೆ ಸರಿ, ಕೆಂಪು ಬಂದರೆ ತಪ್ಪು.
ಒಳ್ಳೆಯದೇ. ಯಂತ್ರಕ್ಕೆ ಮಕ್ಕಳ ಜ್ವರ ಇಲ್ಲ.
ಪಾಷ ಸಾಹೇಬರು ಕಿವಿ ಮಂದವಾದ ದಿನ
ಆ ರೂಪಾಯಿ ನನ್ನ ಕೈಗಿಟ್ಟು ಮನೆಗೆ ಹೋದರು.
ಹಲಸಿನಹಣ್ಣು, ಹೊಸ ಗೋಡೆ, ಸೊಸೆ ತಂದ ಸ್ಟೀಲು ಬಿಂದಿಗೆ,
ಏನು ಸಿಕ್ಕರೂ ತಟ್ಟುವುದು ನನಗೆ ಚಟ.

ಮಂಡಕಳ್ಳಿಯಲ್ಲಿ ಇಳಿಯುವ ವಿಮಾನದಲ್ಲಿ
ನಮ್ಮದು ಯಾವುದು, ಇದೆಯೋ ಇಲ್ಲವೋ, ಗೊತ್ತಿಲ್ಲ.
ಎಲ್ಲವೂ ಬಣ್ಣದ ಕೆಳಗೆ.

ಎರಡು ಪುಟ ಆಯಿತೇನಮ್ಮ?
ನಿನ್ನೆ ಬಸ್ಸಿನಲ್ಲಿ ಚಿಲ್ಲರೆ ಸಾಲದೆ
ಮನಸ್ಸು ಗಟ್ಟಿಮಾಡಿ ಅದನ್ನೇ ಕೊಟ್ಟೆ.
ಕಂಡಕ್ಟರ್ ತಿರುಗಿಸಿ ನೋಡಿದ:
ಸಿಂಹ ಇಲ್ಲ, ಅಂಕಿ ಇಲ್ಲ, ಎರಡು ಕಡೆಯೂ ನುಣ್ಣಗೆ.
ಇದು ನಡೆಯಲ್ಲ ಅಜ್ಜಿ, ಅಂದ.