ಹತ್ತು ನಿಮಿಷ, ಮೂವತ್ತು ಜೇಬು

ಕಾಲುವೆ ಕಡೆಯಿಂದ ಬಂದಿರಬೇಕು,
ಕೌಲ್ ಬಜಾರಿನ ನಮ್ಮ ಹೊಲಿಗೆ ಮನೆಗೆ.
ನೀಲಿ ಜೀನ್ಸಿನ ರಾಶಿಯ ಮೇಲೆ
ಅದಕ್ಕಿಂತ ನೀಲಿ ಏನೋ ಸರ್ರನೆ ಹಾದು
ಟ್ಯೂಬ್‌ಲೈಟಿಗೆ ಬಡಿಯಿತು.

ಮಿಂಚುಳ್ಳಿ.

"ಫ್ಯಾನು! ಮೊದ್ಲು ಫ್ಯಾನ್ ಆರ್ಸು!"
ರಮಿಜಾಬಿ ಕೂಗಿದಳು, ಹಲ್ಲಲ್ಲಿ ದಾರ ಕಚ್ಚಿಕೊಂಡೇ.
ಒಂಬತ್ತು ಮಷೀನು ಒಂದೊಂದಾಗಿ ನಿಂತವು.
ಆ ಮನೆ ಅಷ್ಟು ಸುಮ್ಮನಿದ್ದದ್ದನ್ನು
ಕೆಲಸಕ್ಕೆ ಸೇರಿದಾಗಿನಿಂದ ನಾನು ಕೇಳಿದ್ದಿಲ್ಲ.

ಎರ್ರಿಸ್ವಾಮಿ ಟವೆಲ್ ಬೀಸುತ್ತ ಬೆನ್ನು ಹತ್ತಿದ;
ಅದು ಗಾಜಿಗೆ, ಗೋಡೆಗೆ, ಮತ್ತೆ ಗಾಜಿಗೆ.
"ಕುಂದ್ರಲೇ. ನೀ ಬೆನ್ನತ್ತಿದಷ್ಟೂ
ಅದಕ್ಕ ಬಾಗ್ಲ ಮರ್ತು ಹೋಗ್ತೈತಿ."

ಇನ್ನೂ ಜೋಡಿಸದ ಪ್ಯಾಂಟಿನ ಕಾಲುಗಳನ್ನು
ಕಿಟಕಿಗಳಿಗೆ ತೂಗಿ ಹಾಕಿದೆವು,
ಮೂವತ್ತೆರಡು ಸೈಜು, ಮೂವತ್ನಾಲ್ಕು.
ಲೈಟೂ ಆರಿಸಿ
ಬಾಗಿಲೊಂದನ್ನೇ ಬಿಸಿಲಿಗೆ ಬಿಟ್ಟು
ನೆಲಕ್ಕೆ ಕೂತೆವು,
ಕತ್ತರಿಗಳನ್ನು ಸೆರಗಿನಡಿ ಮುಚ್ಚಿ.

ಅಲ್ಮೇರಾದ ಮೇಲೆ ಕೊಕ್ಕು ತೆರೆದು ಏದುತ್ತ
ನಮ್ಮ ತಲೆಗಳನ್ನು ಎಣಿಸುತ್ತಿತ್ತೋ ಏನೋ.
ಓನರ್ ಫಜ್ಲುಸಾಬರ ಫೋನು ಬಂತು.
ಯಾರೂ ಎತ್ತಲಿಲ್ಲ.

ಆಮೇಲೆ ಹೋಯಿತು.
ಹೋದದ್ದನ್ನು ಯಾರೂ ಸರಿಯಾಗಿ ನೋಡಲಿಲ್ಲ;
ಹೊಸ್ತಿಲ ಬೆಳಕು ಒಮ್ಮೆ ಮಿಟುಕಿತು, ಅಷ್ಟೇ.
ರಮಿಜಾಬಿ ಬಾಯಿಂದ ದಾರ ತೆಗೆದಳು.

ಹತ್ತು ನಿಮಿಷ.
ನನ್ನ ಲೆಕ್ಕದಲ್ಲಿ ಮೂವತ್ತು ಜೇಬು.
ಒಂದರ ಮೇಲೆ ಬಿಳಿ ಹಿಕ್ಕೆ ಬಿದ್ದಿತ್ತು.
ಎಂಜಲು ಹಚ್ಚಿ ಒರೆಸಿದೆ; ಪೂರ್ತಿ ಹೋಗಲಿಲ್ಲ.
ಹಂಗೇ ಹೊಲಿದು ಕಳಿಸಿದೆ,
ಯಾವುದೋ ಊರಿಗೆ, ಯಾರದೋ ಸೊಂಟಕ್ಕೆ.