ಸೀತಾಳೆ

ಕೊಟ್ಟಾರ ಚೌಕಿಯಲ್ಲಿ ರಸ್ತೆ ಅಗಲವಾದ ವರ್ಷ
ತಂತಿ ಬಿಚ್ಚಲು ಹೋದವನು ನಾನು, ಲೈನ್‌ಮ್ಯಾನ್.
ಕಡಿದ ಮಾವಿನ ಗೆಲ್ಲಿಗೆ ಕಚ್ಚಿಕೊಂಡಿತ್ತು
ನಾಲ್ಕು ದಪ್ಪ ಎಲೆ, ಬಿಳಿ ಬೇರಿನ ಗೋಜಲು.
ಬಂದಳಿಕೆ ಎಂದುಕೊಂಡೆ. ಆದರೂ
ಬುತ್ತಿ ಚೀಲದಲ್ಲಿ ಯಾಕೆ ತಂದೆನೋ.

"ಬಂದಳಿಕೆಯಲ್ಲ ಮಾರಾಯ, ಸೀತಾಳೆ,"
ಬೇಲಿಯಾಚೆಯಿಂದ ಸೆವರಿನ್ ಬಾಯಿ.
"ಮಣ್ಣಿಗೆ ಹಾಕಿದಿಯೋ, ಕೊಳೆಯಿತು."

ತೆಂಗಿನ ಸಿಪ್ಪೆ, ಒಡೆದ ಹಂಚು,
ಇಸ್ತ್ರಿಯವನು ಬಿಸಾಡಿದ ಇದ್ದಿಲು,
ಕಟ್ಟಲಿಕ್ಕೆ ವಾರಿಜಳ ಶಾಲೆಕಾಲದ ರಿಬ್ಬನ್.
ಎರಡು ಮಳೆಗಾಲ ಹೋಯಿತು.
ಒಂದು ಎಲೆ ಬಂತು, ಒಂದು ಉದುರಿತು. ಲೆಕ್ಕ ಸರಿ.
"ಅಲ್ಲಿ ಬಸಳೆ ಹಬ್ಬಿಸಿದ್ದರೆ
ಸಾರಿಗಾದರೂ ಆಗುತ್ತಿತ್ತು" ಎಂದಳು.
ನಾನು ಬೇರಿಗೆ ನೀರು ಚಿಮುಕಿಸುತ್ತಿದ್ದೆ,
ಕೇಳಿಸದವನ ಹಾಗೆ.

ಮೂರನೆಯ ಮೇ ತಿಂಗಳು. ಗಾಳಿಗೆ ಬಿದ್ದ ಕಂಬಗಳ ಹಿಂದೆ
ವಾರವಿಡೀ ಅಲೆದು, ನಡುರಾತ್ರಿ ಮನೆಗೆ ಬಂದರೆ
ನಮ್ಮಲ್ಲೂ ಕರೆಂಟಿಲ್ಲ.
ಫ್ಯೂಸು ನೋಡಲು ಟಾರ್ಚು ಎತ್ತಿದೆ.
ಬೆಳಕಿಗೆ ಸಿಕ್ಕಿದ್ದು ಫ್ಯೂಸಲ್ಲ:
ಮೊಳದುದ್ದ ತೂಗುವ ದಂಡೆ,
ಬಿಳಿಯ ಮೇಲೆ ನೇರಳೆ ಚುಕ್ಕಿ,
ಎಣಿಸಲು ಹೊರಟು ನಲವತ್ತಕ್ಕೆ ತಪ್ಪಿದೆ.
ಜೇಬಿನಲ್ಲಿ ಫೋನು ಬಡಿದುಕೊಳ್ಳುತ್ತಿತ್ತು,
ಯಾರ ಮನೆಯ ಕತ್ತಲೆಯೋ. ಎತ್ತಲಿಲ್ಲ.
ವಾರಿಜಳನ್ನು ಎಬ್ಬಿಸಿದೆ.
ಕಣ್ಣುಜ್ಜುತ್ತಾ ಬಂದವಳು
"ಸೋಮವಾರವೇ ಅರಳಿದೆ" ಎಂದಳು,
"ನೀವೇ ಕಾಣಲಿ ಅಂತ ಹೇಳಲಿಲ್ಲ."

ಈಗ ಇಸ್ತ್ರಿಯವನು ಇದ್ದಿಲಿಗೆ ದುಡ್ಡು ಕೇಳುತ್ತಾನೆ.
ಕಡಿದ ಮರ ಎಲ್ಲಿ ಬಿದ್ದಿದ್ದರೂ
ನನ್ನ ಸ್ಕೂಟರ್ ತಾನಾಗಿ ನಿಲ್ಲುತ್ತದೆ.
ಚಾವಡಿಯಲ್ಲಿ ಹನ್ನೊಂದು ತೂಗುತ್ತಿವೆ.
ಮೊನ್ನೆ ಸೆವರಿನ್ ಬಾಯಿ ಬಸಳೆ ಬಳ್ಳಿ ತಂದರೆ
ಜಾಗ ಇಲ್ಲ ಬಾಯಮ್ಮಾ
ಎಂದದ್ದು ವಾರಿಜಳೇ.